ಎಂಜಿನ್ ಶೆಡ್ಡಿನಲ್ಲಿ ಬದಲಾಯಿಸಿದ ಹಾರ್ಡ್ ಡಿಸ್ಕ್

ಇದು 2009ರಲ್ಲಿ ನಡೆದದ್ದು. ಯಾವ ದಿನ ಏನಾಯಿತು ಎಂಬುದು ಹಿಂದುಮುಂದಾಗಿರಬಹುದು. ಮಳೆಗಾಲ ಮುಗಿದಿತ್ತು, ದೋಣಿಗಳು ಕಡಲಿಗೆ ಇಳಿದಿದ್ದವು, ಮಾವನ ಶೆಡ್ಡಿನಲ್ಲಿ ಕೈತುಂಬ ಕೆಲಸವಿತ್ತು. ಅಷ್ಟು ಮಾತ್ರ ಖಾತ್ರಿ. ಇಂಥ ಅನುಮಾನ ಬಂದಾಗ ಡೈರಿ ತೆಗೆದು ನೋಡುವುದು ನನ್ನ ರೂಢಿ. ಆದರೆ ಆ ದಿನಗಳ ಡೈರಿ ನನ್ನಲ್ಲಿಲ್ಲ. ನಾನು ಡೈರಿ ಬರೆಯುತ್ತಿದ್ದದ್ದು ಲ್ಯಾಪ್‌ಟಾಪಿನಲ್ಲಿ, ಆ ವಾರ ಕೆಟ್ಟದ್ದು ಅದೇ ಲ್ಯಾಪ್‌ಟಾಪು. ಹೊಸ ಡಿಸ್ಕ್ ಕೊಂಡ ಅಂಗಡಿಯ ಬಿಲ್ಲನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ನುಣುಪು ಕಾಗದದ ಬಿಲ್ಲು ಅದು, ಅಕ್ಷರವೆಲ್ಲ ಹಾರಿಹೋಗಿ ಈಗ ಪೂರ್ತಿ ಬಿಳಿ. ಹಾಗಾಗಿ ಮುಂದೆ ಬರೆಯುವುದೆಲ್ಲ ಬರಿಯ ನೆನಪಿನಿಂದ. ನೆನಪಿನ ಮೇಲೆ ನನಗೆ ಅಷ್ಟು ಭರವಸೆಯಿಲ್ಲ. ಇದ್ದಿದ್ದರೆ ಹದಿನೇಳನೇ ವಯಸ್ಸಿನಿಂದ ಡೈರಿ ಬರೆಯುತ್ತಿರಲಿಲ್ಲ.

ಶುರುಮಾಡಿದ್ದು 1997ರಲ್ಲಿ, ಬೈಂದೂರಿನಲ್ಲಿ ಕೊಂಡ ಇನ್ನೂರು ಪುಟದ ನೋಟುಪುಸ್ತಕದಲ್ಲಿ. ದಿನಕ್ಕೆ ಅರ್ಧ ಪುಟ. ಬಸ್ಸು ತಪ್ಪಿದ್ದು, ಅಮ್ಮ ಮೀನು ಮಾರಿ ತಡವಾಗಿ ಬಂದದ್ದು, ಯಾರು ಯಾರಿಗೆ ಏನೆಂದರು ಎಂಬುದು. ಮುಂದೆ ಬ್ರಹ್ಮಾವರದ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು, ಅಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದೆ, ಲ್ಯಾಪ್‌ಟಾಪ್ ಕೊಂಡೆ. ಎರಡು ಬೇಸಿಗೆ ರಜೆ ಕೂತು ಹಳೆಯ ಪುಸ್ತಕಗಳನ್ನೆಲ್ಲ ಟೈಪ್ ಮಾಡಿದೆ, ವರ್ಷಕ್ಕೊಂದು ಫೈಲಿನಂತೆ. ಒಂದೊಂದು ಪುಸ್ತಕ ಟೈಪ್ ಮಾಡಿ ಮುಗಿಸಿದ ಹಾಗೆ ಅದನ್ನು ಹರಿದು ಬಚ್ಚಲ ಒಲೆಗೆ ಹಾಕಿದೆ. ಯಾರ ಕೈಗೂ ಸಿಗಬಾರದು ಎಂಬುದೊಂದೇ ಆಗ ತಲೆಯಲ್ಲಿದ್ದದ್ದು. ಲ್ಯಾಪ್‌ಟಾಪಿಗೆ ಪಾಸ್‌ವರ್ಡ್ ಇತ್ತು, ನೋಟುಪುಸ್ತಕಕ್ಕೆ ಏನಿದೆ? ಇನ್ನೊಂದು ಪ್ರತಿ ಬೇಕು ಎಂದು ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಇನ್ನೊಂದು ಪ್ರತಿ ಎಂದರೆ ಇನ್ನೊಬ್ಬರು ಓದುವ ಇನ್ನೊಂದು ದಾರಿ ಎಂದು ಮಾಡಲಿಲ್ಲ.

ಒಂದು ಶುಕ್ರವಾರ ಸಂಜೆ ಕಾಲೇಜಿನಿಂದ ಬಂದು ಲ್ಯಾಪ್‌ಟಾಪ್ ಹಾಕಿದರೆ ಒಳಗಿನಿಂದ ಟಿಕ್, ಟಿಕ್ ಎಂಬ ಸದ್ದು. ಉಗುರಿನಿಂದ ತಗಡು ಕುಟ್ಟಿದ ಹಾಗೆ. ಪರದೆ ಕಪ್ಪಗಾಗಿ, ಬಿಳಿಯ ಅಕ್ಷರದಲ್ಲಿ ಡಿಸ್ಕ್ ಸಿಗುತ್ತಿಲ್ಲ ಎಂಬರ್ಥದ ಒಂದು ಸಾಲು ಬಂತು. ಆರಿಸಿ ಹಾಕಿದೆ, ಅದೇ ಸಾಲು. ಬ್ಯಾಟರಿ ತೆಗೆದು ಹಾಕಿದೆ, ಮತ್ತೆ ಅದೇ. ಮೂರನೆಯ ಸಲ ಸುಮ್ಮನೆ ಅದರ ಮುಂದೆ ಕೂತೆ. ಹನ್ನೆರಡು ವರ್ಷ ಅದರೊಳಗಿತ್ತು, ಕಾಗದವನ್ನು ಒಲೆಗೆ ಹಾಕಿದ್ದು ನನ್ನದೇ ಕೈ.

ಮರುದಿನ ಶನಿವಾರ ಅರ್ಧ ದಿನದ ಪಾಠ ಮುಗಿಸಿ ಕುಂದಾಪುರದ ಬಸ್ಸು ಹತ್ತಿದೆ. ಲ್ಯಾಪ್‌ಟಾಪನ್ನು ಎರಡು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದೆ. ಸಾಸ್ತಾನ, ಕೋಟ ದಾಟುವವರೆಗೂ ಪಕ್ಕದ ಹೆಂಗಸು ಅದು ಮಗು ಇರಬೇಕೆಂದು ಬಗ್ಗಿ ಬಗ್ಗಿ ನೋಡುತ್ತಿದ್ದಳು.

ಕಂಪ್ಯೂಟರ್ ಅಂಗಡಿಯವನು ಅದನ್ನು ಚಾಲೂ ಮಾಡಿ, ಕಿವಿ ಹತ್ತಿರ ತಂದು ಕೇಳಿದ.

"ಡಿಸ್ಕ್ ಹೋಯ್ತ್ ಮೇಡಂ. ಸದ್ದ್ ಕೇಂಡ್ರೇ ಗೊತ್ತಾತ್ತ್. ಬಿಟ್ಟಿಕ್ ಹೋಯ್ನಿ, ಬುಧವಾರ ಕೊಡ್ತೆ."

"ಒಳಗಿದ್ದದ್ದು ಸಿಗ್ತದಾ?"

"ಹೇಳುಕಾತಿಲ್ಲೆ. ಹೊರಗೆ ತೆಗ್ದ್ ಬೇರೆ ಕೇಸಿಗೆ ಹಾಕಿ ಕಾಣ್ಕ್. ಕೆಲವ್ ಕೊಡ್ತ್, ಕೆಲವ್ ಕೊಡುದಿಲ್ಲೆ. ಫೋಟೋ ಇತ್ತಾ?"

"ಫೋಟೋ ಅಲ್ಲ. ಬರೆದದ್ದು."

"ಬರ್ದದ್ದಾರೆ ನಾ ಒಂದೊಂದೇ ತೆಗ್ದ್ ಓದಿ, ಸಮಾ ಬಂದಿತ್ತಾ ಇಲ್ಯಾ ಕಂಡೇ ಕೊಡ್ತೆ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಲ್ಯಾಪ್‌ಟಾಪನ್ನು ಮುಚ್ಚಿ ನನ್ನ ಕಡೆಗೆ ಎಳೆದುಕೊಂಡೆ.

"ನಾನೇ ಹಾಕಿಕೊಂಡರೆ ಆಗ್ತದಾ?"

ಅವನು ನನ್ನ ಕೈಬೆರಳನ್ನೊಮ್ಮೆ ನೋಡಿದ. "ಆತ್ತ್. ನಾಲ್ಕ್ ಸ್ಕ್ರೂ, ಎಂತ ದೊಡ್ಡ ಕೆಲ್ಸ ಅಲ್ಲ. ಆರೆ ಬಂದವ್ರಿಗೆಲ್ಲ ಹಾಂಗ್ ಹೇಳ್ರೆ ನನ್ ಅಂಗ್ಡಿ ಬಾಗ್ಲ್ ಹಾಕ್ಕ್."

ಹಾಗೆಂದರೂ ನನಗೆ ಅರ್ಥ ಆಗುವ ಹಾಗೆ ಎಲ್ಲವನ್ನೂ ತೋರಿಸಿಕೊಟ್ಟ. ಹೊಸ ಡಿಸ್ಕು, ಸಿಸ್ಟಮ್ ಹಾಕುವ ಡಿವಿಡಿ, ಹಳೆಯ ಡಿಸ್ಕನ್ನು ಇಟ್ಟು ವಯರಿನಿಂದ ಜೋಡಿಸುವ ಚಿಕ್ಕ ಕೇಸು, ಬೆರಳುದ್ದದ ಸ್ಕ್ರೂಡ್ರೈವರು. ಅಂಗಡಿಯ ಮೆಟ್ಟಿಲಿಳಿದಾಗ ಬ್ರಹ್ಮಾವರದ ಬಸ್ಸಿಗೆ ಕೈ ತೋರಿಸುವುದನ್ನು ಬಿಟ್ಟು ಬೈಂದೂರು ಕಡೆಯ ಬಸ್ಸು ಹತ್ತಿದೆ. ಹಾಗೆ ಮಾಡುವುದೆಂದು ಯೋಚಿಸಿ ಹತ್ತಿದ್ದೋ, ಬಸ್ಸು ಎದುರಿಗೆ ಬಂದು ನಿಂತದ್ದರಿಂದ ಹತ್ತಿದ್ದೋ ಹೇಳಲಾರೆ. ಒಬ್ಬಳೇ ಬಿಚ್ಚಲು ಧೈರ್ಯವಿರಲಿಲ್ಲ ಎಂಬುದಂತೂ ನಿಜ.

ಉಪ್ಪುಂದದಲ್ಲಿ ಮಾವನ ಮನೆ. ಮಾವ ಎಂದರೆ ಅಮ್ಮನ ಅಣ್ಣ. ಅಮ್ಮನೂ ನಾನೂ ಅಲ್ಲೇ ಇದ್ದವರು, ನಾನು ಬೆಳೆದದ್ದು ಅಲ್ಲೇ. ಮನೆಯ ಪಕ್ಕದಲ್ಲಿ ತಗಡಿನ ಮಾಡಿನ ಶೆಡ್ಡು. ದೋಣಿಯ ಹಿಂದೆ ಸಿಕ್ಕಿಸುವ ಎಂಜಿನ್‌ಗಳನ್ನು ಮಾವ ಅಲ್ಲಿ ರಿಪೇರಿ ಮಾಡುತ್ತಿದ್ದರು. ಓದಿದವರಲ್ಲ. ಆದರೆ ಅವರಿಗೊಂದು ಕ್ರಮವಿತ್ತು. ಎಂಜಿನ್ನಿನ ಯಾವ ಭಾಗವನ್ನು ಬಿಚ್ಚಿದರೂ, ಆ ಭಾಗ ಕೈಗೆ ಬಂದ ಕೂಡಲೆ ಅದರ ಬೋಲ್ಟುಗಳನ್ನು ಅವವುಗಳ ತೂತಿಗೇ ಎರಡು ಸುತ್ತು ತಿರುಗಿಸಿ ಇಟ್ಟುಬಿಡುವುದು. ನೆಲದ ಮೇಲೆ, ಡಬ್ಬಿಯಲ್ಲಿ, ಜೇಬಿನಲ್ಲಿ ಒಂದೂ ಇಡುವ ಹಾಗಿಲ್ಲ. ಹರೆಯದಲ್ಲಿ ಕಡಲಿಗೆ ಹೋಗುತ್ತಿದ್ದಾಗ ಕಲಿತದ್ದು ಅದು. "ನಡು ಕಡ್ಲಂಗೆ ಬಿದ್ದ ನಟ್ಟಿಗೆ ಮುಳುಗಿ ಹುಡ್ಕುದಾ?" ಎಂದು ಕೇಳುತ್ತಿದ್ದರು. ಹೈಸ್ಕೂಲಿನ ದಿನಗಳಿಂದಲೂ ಭಾನುವಾರ ನಾನು ಅವರ ಜೊತೆ ಕೂತು ಸಣ್ಣಪುಟ್ಟದ್ದು ಬಿಚ್ಚುತ್ತಿದ್ದೆ. ಜೋಡಿಸಿದ್ದಕ್ಕೆ ಗ್ರೀಸ್ ಹಚ್ಚುವುದು ಪೂರ್ತಿ ನನ್ನ ಕೆಲಸ. ಉಪ್ಪುಗಾಳಿಗೆ ಗ್ರೀಸ್ ಕಾಣದ ಲೋಹ ವಾರದಲ್ಲಿ ಕೆಂಪಾಗುತ್ತದೆ.

ಭಾನುವಾರ ಬೆಳಿಗ್ಗೆ ಅಮ್ಮ ಮೀನು ಬುಟ್ಟಿ ಹೊತ್ತು ಬೈಂದೂರಿಗೆ ಹೋದ ಮೇಲೆ ನಾನು ಟವೆಲಿನ ಗಂಟು ಹಿಡಿದು ಶೆಡ್ಡಿಗೆ ಹೋದೆ. ಅತ್ತೆ ಬಾಗಿಲಲ್ಲಿದ್ದರು.

"ಹ್ವಾಯ್, ಇಕಣಿ, ನಿಮ್ಮ ಸೊಸಿ ಬಂತ್. ಕೈಯಂಗೆ ಬಾಣಂತಿ ಗಂಟ್ ಇತ್ತ್."

ಮಾವ ತಲೆ ಎತ್ತಿದರು. "ಎಂತ ಹೆಣೆ, ಪೇಷೆಂಟ್ ತಂದದ್ದಾ?"

ಹೇಳಿದೆ. ಡಿಸ್ಕ್ ಎಂದರೇನು, ಅದು ಹೋದರೆ ಏನೇನು ಹೋಗುತ್ತದೆ ಎಂದೆಲ್ಲ. ಅತ್ತೆಗೆ ಒಂದೇ ಮಾತಿನಲ್ಲಿ ಅರ್ಥವಾಯಿತು.

"ಹಾಳಾಪ್ಪುಕ್ ಮುಂಚೆ ಐಸ್ ಪೆಟ್ಗಿಯಂಗೆ ಇಡ್ಕಿತ್ತ್. ಮೀನಾರೂ ನಾಲ್ಕ್ ದಿನ ತಡೀತ್ತ್."

ಮಾವ ಕೈಯನ್ನು ಹಳೆ ಬಟ್ಟೆಗೆ ಒರೆಸುತ್ತ ಕೇಳಿದರು. "ಒಳ್ಗೆ ಎಂತ ಬರ್ದದ್ದ್?"

"ಡೈರಿ ಮಾವ. ಹನ್ನೆರಡು ವರ್ಷದ್ದು."

"ನಾನೂ ಇದ್ನಾ ಅದ್ರಂಗೆ?"

"ಇದ್ರಿ."

"ಹಾಂಗಾರೆ ಹೋದ್ದೇ ಒಳ್ಳೇದಾಯ್ತಲೆ."

ಅತ್ತೆ ನಕ್ಕರು. ನಾನು ನಗಲಿಲ್ಲ ಎಂದು ನೋಡಿದ ಮೇಲೆ ಮಾವ ಎದ್ದು, ಮೇಜಿನ ಮೇಲಿದ್ದ ಕಾರ್ಬುರೇಟರನ್ನು ಪಕ್ಕಕ್ಕಿಟ್ಟು, ಹಳೆಯ ಸೀರೆಯ ತುಂಡೊಂದನ್ನು ಹಾಸಿದರು. "ನೀನೇ ಬಿಚ್ಚ್. ನಂಗೆ ಕಣ್ಣ್ ಸಾಲ. ನಾ ಕಂಡ್ಕಂಡ್ ಇರ್ತೆ."

ಬ್ಯಾಟರಿ ತೆಗೆದೆ. ಅಡಿಯ ಮುಚ್ಚಳಕ್ಕೆ ಎರಡು ಸ್ಕ್ರೂ. ಮುಚ್ಚಳ ಬಂದ ಕೂಡಲೆ ಆ ಎರಡನ್ನೂ ಮುಚ್ಚಳದ ತೂತಿಗೇ ಸಿಕ್ಕಿಸಿದೆ. ಮಾವ ಬಗ್ಗಿ ಆ ಎರಡನ್ನೂ ಬೆರಳಿನಲ್ಲಿ ಮುಟ್ಟಿ ನೋಡಿದರು. ಡಿಸ್ಕು ನಾನು ಎಣಿಸಿದ್ದಕ್ಕಿಂತ ಸಣ್ಣದಿತ್ತು, ಅಂಗೈಯಷ್ಟು. ಪ್ಲಾಸ್ಟಿಕ್ ಪಟ್ಟಿ ಹಿಡಿದು ಪಕ್ಕಕ್ಕೆ ಎಳೆದರೆ ಹಲ್ಲಿನಂಥ ಚಿನ್ನದ ಬಣ್ಣದ ತುದಿಗಳಿಂದ ಬಿಟ್ಟು ಹೊರಗೆ ಬಂತು. ಅದಕ್ಕೆ ಹಿಡಿಸಿದ್ದ ತಗಡಿನ ಚೌಕಟ್ಟಿಗೆ ನಾಲ್ಕು ಸ್ಕ್ರೂ. ಅದರಲ್ಲಿ ಒಂದು ಬರಲೇ ಇಲ್ಲ. ಒತ್ತಿ ತಿರುಗಿಸಿದಷ್ಟೂ ಅದರ ತಲೆ ಸವೆಯಿತು.

"ತಿರ್ಗ್ಸಬೇಡ," ಎಂದರು ಮಾವ. "ಮೊದ್ಲ್ ಇನ್ನೂ ಬಿಗಿ ಮಾಡ್. ಬಿಗಿ ಮಾಡುಕ್ ಹೊರಟ್ರೆ ಅದ್ ಹಿಡ್ತ ಬಿಡ್ತ್."

ಬಿಗಿ ಮಾಡುವ ಕಡೆಗೆ ಕೂದಲೆಳೆಯಷ್ಟು ಒತ್ತಿದೆ. ಕಿರ್ ಎಂದಿತು. ಆಮೇಲೆ ಬಿಚ್ಚುವ ಕಡೆಗೆ ತಿರುಗಿಸಿದರೆ ಸಲೀಸಾಗಿ ಬಂತು.

ಚೌಕಟ್ಟನ್ನು ಹೊಸ ಡಿಸ್ಕಿಗೆ ಹಿಡಿಸಿದೆ. ಒಳಗೆ ತಳ್ಳುವ ಮುಂಚೆ ಬಲಗೈಯ ತೋರುಬೆರಳನ್ನು ಗ್ರೀಸ್ ಡಬ್ಬಿಗೆ ಹಾಕಿ, ಅದರ ಚಿನ್ನದ ಹಲ್ಲುಗಳ ಮೇಲೆ ತೆಳ್ಳಗೆ ಒಂದು ಸಲ ಎಳೆದೆ. ಯೋಚಿಸಿ ಮಾಡಿದ್ದಲ್ಲ. ಡಬ್ಬಿ ಎಲ್ಲಿರುತ್ತದೆ ಎಂದು ಬೆರಳಿಗೆ ಗೊತ್ತಿತ್ತು, ಹೋಯಿತು. ಮಾವ ಆ ಹೊತ್ತಿಗೆ ಹೊರಗೆ ಯಾರೋ ದೋಣಿಯವರ ಹತ್ತಿರ ಮಾತಾಡುತ್ತಿದ್ದರು. ಒಮ್ಮೊಮ್ಮೆ ನನ್ನ ನೆನಪಿನಲ್ಲಿ ಅವರು ಪಕ್ಕದಲ್ಲೇ ಇರುತ್ತಾರೆ, "ಹಚ್ಚ್" ಎನ್ನುತ್ತಾರೆ. ತಪ್ಪನ್ನು ಇನ್ನೊಬ್ಬರ ಮೇಲೆ ಹೊರಿಸಲು ನೆನಪು ಮಾಡುವ ಕಿತಾಪತಿ ಅದು. ಅವರು ಹೊರಗಿದ್ದರು.

ಎಲ್ಲ ಮುಚ್ಚಿ, ಬ್ಯಾಟರಿ ಹಾಕಿ, ಡಿವಿಡಿ ಇಟ್ಟು ಚಾಲೂ ಮಾಡಿದೆ. ಸ್ವಲ್ಪ ಹೊತ್ತಿಗೆ ಡಿಸ್ಕ್ ಎಲ್ಲಿ ಎಂದು ಕೇಳಿತು. ಅದಕ್ಕೆ ಯಾವ ಡಿಸ್ಕೂ ಕಾಣುತ್ತಿರಲಿಲ್ಲ. ತೆಗೆದು ಹಾಕಿದೆ. ಮತ್ತೂ ಇಲ್ಲ. ಹಾಗಾದರೆ ಕೆಟ್ಟದ್ದು ಡಿಸ್ಕಲ್ಲ, ಲ್ಯಾಪ್‌ಟಾಪೇ. ಅಥವಾ ಈಗ ನಾನು ಅದನ್ನೂ ಕೊಂದೆ. ಅಂಗಡಿಯಲ್ಲೇ ಬಿಟ್ಟಿದ್ದರೆ ಏನಾಗುತ್ತಿತ್ತು? ಒಬ್ಬ ಅಪರಿಚಿತ ನಾಲ್ಕು ಪುಟ ಓದುತ್ತಿದ್ದ. ಅಷ್ಟಕ್ಕೆ ಹೆದರಿ ಹನ್ನೆರಡು ವರ್ಷ ಕಳೆದುಕೊಳ್ಳುವುದೆ?

ಮಾವ ಒಳಗೆ ಬಂದು ನನ್ನ ಮುಖ ನೋಡಿದರು. "ಹೊಸದ್ ಹೊರಗೆ ತೆಗಿ."

ತೆಗೆದೆ. ಅವರು ಅದನ್ನು ಬೆಳಕಿಗೆ ಹಿಡಿದು, ಮೂಗಿನ ಹತ್ತಿರ ತಂದು ಮೂಸಿದರು.

"ಎಂತ ಹಚ್ದೆ ಇದಕ್ಕೆ?"

"ಗ್ರೀಸ್."

ಮಾವ ಸ್ಟೂಲಿನ ಮೇಲೆ ಕೂತುಬಿಟ್ಟರು. ಹೊಟ್ಟೆ ಹಿಡಿದುಕೊಂಡು, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಎಂ.ಎ. ಓದಿದ ಹೆಣ್ಣ್ ಮಾರಾಯ್ತಿ ಇದ್. ಇದನ್ನ್ ದೋಣಿಗೆ ಕಟ್ಟುಕ್ ಇತ್ತಾ?"

"ನೀವೇ ಕಲಿಸಿದ್ದಲ್ವಾ ಮಾವ?"

"ನಾ ಕಲ್ಸಿದ್ದ್ ಜೋಡ್ಸಿದ ಮೇಲೆ ಹಚ್ಚುಕೆ. ತಾಗುವಲ್ಲಿ ಹಚ್ಚುಕಲ್ಲ. ತಾಗುವಲ್ಲಿ ಹಚ್ರೆ ಕರೆಂಟ್ ಎಲ್ಲಿ ಹೋತ್ತ್? ಅದೂ ಈ ಡಬ್ಬಿಯಂಗೆ ಅರ್ಧ ಹೊಯ್ಗಿ."

ಹೊಯ್ಗೆಯ ಮಾತು ನಿಜ. ಬೆರಳಿನಲ್ಲಿ ಉಜ್ಜಿ ನೋಡಿದರೆ ಕಡಲ ಮರಳು ಹರಹರ ಎನ್ನುತ್ತಿತ್ತು. ಅಷ್ಟು ವರ್ಷ ಪ್ರತಿ ಭಾನುವಾರ ಮಾಡಿದ ಕೆಲಸದ ಕ್ರಮವನ್ನೇ ನಾನು ತಿರುಗುಮುರುಗಾಗಿ ನೆನಪಿಟ್ಟುಕೊಂಡಿದ್ದೆ.

ಮಾವ ಪೆಟ್ರೋಲಿನಲ್ಲಿ ತೊಳೆಯುವ ಎಂದರು. ನನಗೆ ಹೆದರಿಕೆಯಾಯಿತು. ಅತ್ತೆಗೆ ಸಕ್ಕರೆ ಕಾಯಿಲೆ. ಇಂಜೆಕ್ಷನ್ ಚುಚ್ಚುವ ಮುಂಚೆ ಒರೆಸಲು ಮನೆಯಲ್ಲಿ ಸ್ಪಿರಿಟ್ ಇರುತ್ತಿತ್ತು. ಅದನ್ನು ಕೇಳಿದೆವು. ಬಾಟಲಿ ತಂದುಕೊಟ್ಟು ಅತ್ತೆ ಅಲ್ಲೇ ಕಾವಲು ನಿಂತರು.

"ಪೂರಾ ಖಾಲಿ ಮಾಡ್ರೆ ನಾಳೆ ಇಬ್ಬರಿಗೂ ಚುಚ್ಚುತ್ತೆ ನಾನ್."

ಹತ್ತಿಯಿಂದ ಡಿಸ್ಕಿನ ಹಲ್ಲುಗಳನ್ನು ಒರೆಸಿದೆ. ಲ್ಯಾಪ್‌ಟಾಪಿನೊಳಗಿನ ಸಂದಿಗೆ ಹೊಸ ಹಲ್ಲುಜ್ಜುವ ಬ್ರಷ್ಷನ್ನು ಸ್ಪಿರಿಟಿನಲ್ಲಿ ಅದ್ದಿ ಮೆಲ್ಲಗೆ ಎಳೆದೆ. ಹತ್ತಿ ಕಪ್ಪಾಗಿ ಬರುತ್ತಿದ್ದದ್ದು ಬರಬರುತ್ತ ಬೂದು ಬಣ್ಣವಾಗಿ, ಕೊನೆಗೆ ಬಿಳಿಯಾಗಿಯೇ ಬಂತು. ಆರುವವರೆಗೆ ಮುಟ್ಟಬಾರದೆಂದು ಮಾವ ನನ್ನನ್ನು ಊಟಕ್ಕೆ ಎಬ್ಬಿಸಿದರು. ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ. ನಾನು ಕಲಸಿ ಕಲಸಿ ಎದ್ದೆ.

ಊಟದ ನಂತರ ಮತ್ತೆ ಹಾಕಿದೆ. ಈ ಸಲ ಪರದೆಯ ಮೇಲೆ ಡಿಸ್ಕಿನ ಹೆಸರೂ ಅಳತೆಯೂ ಒಂದು ಸಾಲಿನಲ್ಲಿ ಬಂದು ನಿಂತವು. ನಾನು ಮಾವನ ತೋಳು ಹಿಡಿದುಕೊಂಡೆ ಎಂದು ಅತ್ತೆ ಆಮೇಲೆ ಹೇಳುತ್ತಿದ್ದರು, ನನಗೆ ಅದು ನೆನಪಿಲ್ಲ. ಸಿಸ್ಟಮ್ ಹಾಕಿ ಮುಗಿಯಲು ಒಂದು ತಾಸಿನ ಮೇಲಾಯಿತು. ಮಾವ ನಡುನಡುವೆ ಬಂದು, ಪರದೆಯ ಮೇಲಿನ ಪಟ್ಟಿ ಎಷ್ಟು ತುಂಬಿದೆ ಎಂದು ನೋಡಿ ಹೋಗುತ್ತಿದ್ದರು.

ಆಮೇಲೆ ನಿಜವಾದ ಪರೀಕ್ಷೆ. ಹಳೆಯ ಡಿಸ್ಕನ್ನು ಕೇಸಿಗೆ ಹಾಕಿ ವಯರು ಜೋಡಿಸಿದೆ. ಟಿಕ್. ಟಿಕ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಒಳಗೆ ಏನೋ ಸುತ್ತುವ ಮೆಲುದನಿ ಕೇಳಿಸಿತು. ಪರದೆಯಲ್ಲಿ ಒಂದು ಹೊಸ ಚಿತ್ರ ಮೂಡಿತು. ತೆರೆದೆ, ಫೈಲುಗಳು ಸಾಲಾಗಿದ್ದವು, 1997ರಿಂದ ಹಿಡಿದು.

ಎಲ್ಲವನ್ನೂ ಒಟ್ಟಿಗೆ ಎಳೆಯಬೇಡಿ, ಒಂದೊಂದೇ ತೆಗೆಯಿರಿ, ನಡುವೆ ನಿಂತುಹೋಗಬಹುದು ಎಂದು ಅಂಗಡಿಯವನು ಹೇಳಿದ್ದ. ನಿಲ್ಲುವುದಾದರೆ ಮೊದಲು ಯಾವ ವರ್ಷ? ಆ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. ಇತ್ತೀಚಿನದ್ದು ಹೋದರೂ ತಲೆಯಲ್ಲಿ ಅಷ್ಟಿಷ್ಟು ಇದೆ, ಹಳೆಯದ್ದು ಹೋದರೆ ಏನೂ ಇಲ್ಲ ಎಂದು 1997ರಿಂದಲೇ ಶುರುಮಾಡಿದೆ. ಅದು ಬಂತು. 98, 99, 2000 ಬಂದವು. ಒಂದೊಂದನ್ನೂ ತೆರೆದು ಮೊದಲ ಸಾಲು ನೋಡಿ ಮುಚ್ಚುತ್ತಿದ್ದೆ.

2001ಕ್ಕೆ ಪಟ್ಟಿ ಅರ್ಧಕ್ಕೆ ನಿಂತಿತು. ಟಿಕ್, ಟಿಕ್ ಮತ್ತೆ ಶುರುವಾಯಿತು. ನಾನು ಕಾದೆ. ಐದು ನಿಮಿಷವೋ, ಹದಿನೈದೋ.

"ಎಂತ ಆಯ್ತ್?" ಮಾವ ಹಿಂದಿನಿಂದ ಕೇಳಿದರು.

"ಒಂದು ವರ್ಷ ಬರ್ತಿಲ್ಲ."

"ಅದನ್ನ್ ಬಿಡ್. ಮುಂದಿನದ್ದ್ ತೆಗಿ."

"ಬಿಟ್ಟರೆ ಮತ್ತೆ ಸಿಕ್ಕದಿದ್ದರೆ?"

"ಒಂದ್ ಸಿಲಿಂಡರ್ ಹಿಡೀದಿರೂ ದಡಕ್ಕೆ ಬಪ್ಪುಕಾತ್ತ್. ಅಲ್ಲೇ ನಿಂತ್ ಬಿಚ್ಚುಕ್ ಕೂಕಂಡ್ರೆ ಎಲ್ಲವೂ ಹೋತ್ತ್. ಬಿಡ್."

ಬಿಟ್ಟೆ. 2002 ಬಂತು. 2003 ತಡವಾಗಿ ಬಂತು. ಉಳಿದವು ಒಂದರ ಹಿಂದೆ ಒಂದು, ಲ್ಯಾಪ್‌ಟಾಪ್ ಕೆಟ್ಟದ್ದರ ಹಿಂದಿನ ದಿನದವರೆಗೆ. ಎಲ್ಲ ಮುಗಿದ ಮೇಲೆ 2001ಕ್ಕೆ ಮರಳಿದೆ. ಎರಡು ಸಲ ಅದೇ ಅರ್ಧಕ್ಕೆ ನಿಂತಿತು. ಮೂರನೆಯ ಸಲ ವಯರು ಜೋಡಿಸಿದರೆ ಡಿಸ್ಕು ಸುತ್ತಲೇ ಇಲ್ಲ, ಸದ್ದೂ ಮಾಡಲಿಲ್ಲ.

ಆಗ ನನಗೆ ಹಸಿವಾಯಿತು. ಅದು ಚೆನ್ನಾಗಿ ನೆನಪಿದೆ. ಶುಕ್ರವಾರ ಸಂಜೆಯಿಂದ ಸರಿಯಾಗಿ ಉಂಡಿರಲಿಲ್ಲ. ಅಡುಗೆಮನೆಗೆ ಹೋಗಿ ತಣ್ಣಗಾದ ಅನ್ನಕ್ಕೆ ಸಾರು ಸುರಿದುಕೊಂಡು, ಮೂರು ಬಂಗುಡೆ ತಿಂದು, ಇನ್ನೊಂದಿದೆಯಾ ಎಂದು ಕೇಳಿದೆ. "ಅದ್ ನಿನ್ನ ಅಬ್ಬಿಗೆ ಇಟ್ಟದ್ದ್," ಎಂದು ಹೇಳುತ್ತಲೇ ಅತ್ತೆ ಅಮ್ಮನ ಪಾಲಿನದನ್ನೂ ಬಡಿಸಿದರು. ಶೆಡ್ಡಿನ ಹೊರಗಿನ ಮರದ ದಿಮ್ಮಿಯ ಮೇಲೆ ಕೂತು ಸಂಜೆಯವರೆಗೆ ಏನೂ ಮಾಡಲಿಲ್ಲ. ಅಷ್ಟು ಹಗುರಾಗಿ ನಾನು ಹಿಂದೆ ಕೂತದ್ದು ಯಾವಾಗ ಎಂದು ನೋಡಲು ಈಗ ಡೈರಿಯಿತ್ತು, ನೋಡಲಿಲ್ಲ.

ಮರುವಾರವೇ ಎರಡು ಸಿಡಿ ಮಾಡಿದೆ. ಒಂದು ಬ್ರಹ್ಮಾವರದಲ್ಲಿ, ಇನ್ನೊಂದು ಉಪ್ಪುಂದದಲ್ಲಿ ಅತ್ತೆಯ ಕಪಾಟಿನಲ್ಲಿ. ಯಾರಾದರೂ ಓದುತ್ತಾರೆಂಬ ಹೆದರಿಕೆ ಹೋಗಿತ್ತು ಎನ್ನಲಾರೆ. ಓದಿದರೆ ಓದಲಿ, ಇರಲಿ ಎಂಬಷ್ಟಕ್ಕೆ ಬಂದಿದ್ದೆ.

ಕಳೆದುಹೋದ 2001ರ ಬಗ್ಗೆ ಬಹಳ ದಿನ ಯೋಚಿಸಲಿಲ್ಲ. ಹನ್ನೆರಡರಲ್ಲಿ ಒಂದು ಹೋದರೆ ದುಃಖಪಡುವುದು ಅತಿಯಾಸೆ ಅನ್ನಿಸುತ್ತಿತ್ತು. ಆಮೇಲೊಂದು ರಜೆಯಲ್ಲಿ ಉಳಿದ ಫೈಲುಗಳನ್ನು ಮೊದಲಿನಿಂದ ಓದಿದೆ. 2000ದಲ್ಲಿ ಹೆಚ್ಚುಕಡಿಮೆ ಪ್ರತಿ ಭಾನುವಾರಕ್ಕೆ ಒಂದು ಸಾಲಿದೆ: ಮಾವನ ಜೊತೆ ಶೆಡ್ಡು. ಎಂ.ಎ.ಗೆ ಮಂಗಳೂರಿನ ಕಡೆ ಹೋದ ಮೇಲೂ ಊರಿಗೆ ಬಂದಾಗಲೆಲ್ಲ ಶೆಡ್ಡಿದೆ. 2002ರ ಫೈಲಿನಲ್ಲಿ ಆ ಶಬ್ದವೇ ಇಲ್ಲ. ಊರಿಗೆ ಬಂದದ್ದಿದೆ, ಮನೆಯಲ್ಲಿ ಕೂತು ಓದಿದ್ದಿದೆ, ಮಾವ ಕೆಮ್ಮುತ್ತಿದ್ದಾರೆ ಎಂದಿದೆ. ಶೆಡ್ಡಿಲ್ಲ. ಮುಂದೆಯೂ ಇಲ್ಲ, ನಾನು ಲ್ಯಾಪ್‌ಟಾಪ್ ಹೊತ್ತು ಹೋದ ಆ ಭಾನುವಾರದವರೆಗೆ.

ನಡುವಿನ ವರ್ಷದಲ್ಲಿ ಏನೋ ಆಗಿದೆ. ನನಗೆ ಎರಡು ಚಿತ್ರ ನೆನಪಿವೆ, ಎರಡನ್ನೂ ನಾನು ನಂಬುವುದಿಲ್ಲ. ಒಂದರಲ್ಲಿ ಮಾವ ನನ್ನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡು, ನೀನು ಓದುವವಳು, ನಿನಗೆ ಇದೆಲ್ಲ ಎಂತಕೆ, ಒಳಗೆ ಹೋಗು ಎನ್ನುತ್ತಾರೆ. ನಾನು ಅಳುತ್ತ ಹೋಗುತ್ತೇನೆ. ಇನ್ನೊಂದರಲ್ಲಿ ನಾನು ಹಾಸ್ಟೆಲಿನ ಕೋಣೆಯಲ್ಲಿದ್ದೇನೆ. ಜೊತೆಯವಳು ನನ್ನ ಕೈ ಹಿಡಿದು ಉಗುರಿನ ಸಂದಿಯ ಗ್ರೀಸ್ ನೋಡಿ, ಇದೇನು ಎಂದು ಕೇಳುತ್ತಾಳೆ. ನಾನು ಕೈ ಎಳೆದುಕೊಂಡು ಸುಳ್ಳು ಹೇಳುತ್ತೇನೆ. ಮೊದಲನೆಯದು ನಿಜವಾದರೆ ನೋವು ಆದದ್ದು ನನಗೆ. ಎರಡನೆಯದು ನಿಜವಾಗಿ, ನಾಚಿ ನಾನೇ ಹೋಗುವುದು ಬಿಟ್ಟಿದ್ದರೆ, ಮಾವನಿಗೆ. ಡೈರಿಯಿದ್ದರೆ ತಿಳಿಯುತ್ತಿತ್ತು ಎನ್ನುತ್ತೇನೆ. ಆದರೆ ಆ ವಯಸ್ಸಿನಲ್ಲಿ ನಾಚಿಕೆಯ ಸಂಗತಿಯನ್ನು ನಾನು ಇದ್ದ ಹಾಗೆ ಬರೆದಿಡುತ್ತಿದ್ದೆನೆ?

ಎರಡು ಮೂರು ವರ್ಷ ಬಿಟ್ಟು, ಒಂದು ಮಧ್ಯಾಹ್ನ ಮಾವ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದಾಗ ಕೇಳಿಯೇಬಿಟ್ಟೆ. ಅವರು ಬಾಯಿ ತುಂಬಿದೆ ಎಂಬಂತೆ ಕೈ ಮಾಡಿ ತೋರಿಸಿದರು. ಎಲೆ ಮುಗಿಯಿತು, ಅಂಗಳಕ್ಕೆ ಹೋಗಿ ಬಾಯಿ ತೊಳೆದು ಬಂದರು, ಮಳೆಯ ಮಾತು ತೆಗೆದರು. ಆಮೇಲೆಯೂ ಎರಡು ಸಲ ಕೇಳಿದ್ದೇನೆ. ಇನ್ನೂ ಹೇಳಿಲ್ಲ. ನಾನು ಕೇಳಿದ್ದು ಇಷ್ಟೇ:

"ಮಾವ, ಶೆಡ್ಡಿಗೆ ಬರಬೇಡ ಅಂತ ನೀವು ಹೇಳಿದ್ದಾ, ನಾನೇ ಬರುದು ಬಿಟ್ಟದ್ದಾ?"